ದೇವರಿತ್ತ ಕಣ್ಣು

ದೇವರ ಮುಂದೆ ನಿಂತು ಇಲ್ಲದುದನ್ನು ಬೇಡುವವರು ಬಹುಮಂದಿ. ಇರುವುದನ್ನು ನೆನೆದು ಕೈಮುಗಿಯುವವರು ವಿರಳ. ಐಶ್ವರ್ಯ, ಸಂತಾನ, ಪದವಿಗಳನ್ನು ಮಾತ್ರವೇ ಅನುಗ್ರಹವೆಂದು ಬಗೆಯುವ ನಮಗೆ, ದೀಪದ ಬೆಳಕಿನಲ್ಲಿ ದೇವರ ಮೂರ್ತಿಯು ಕಾಣಿಸುವುದೇ ಒಂದು ಅನುಗ್ರಹವೆಂಬುದು ಹೊಳೆಯುವುದಿಲ್ಲ. ಕಣ್ಣು ನಾವು ಸಂಪಾದಿಸಿದ ಸೊತ್ತಲ್ಲ, ಬೆಲೆಗೆ ಕೊಂಡುದೂ ಅಲ್ಲ. ಹೋಗುವಾಗ ಅದನ್ನು ಒಯ್ಯುವವರೂ ಇಲ್ಲ. ಚಿತೆಯಲ್ಲಿ ಬೂದಿಯಾಗುವ, ಇಲ್ಲವೆ ಮಣ್ಣಿನಲ್ಲಿ ಕರಗುವ ಆ ವಸ್ತುವು ಮತ್ತೊಬ್ಬನ ಕತ್ತಲೆಯನ್ನು ಕಳೆಯಬಲ್ಲುದೆಂದು ತಿಳಿದ ಮೇಲೂ ಅದನ್ನು ಕೊಡದಿರುವುದಕ್ಕೆ ಯಾವ ಸಮಾಧಾನವನ್ನು ಹೇಳಬಲ್ಲೆವು?

ಪ್ರತಿ ವರ್ಷ ಆಗಸ್ಟ್ ೨೫ರಿಂದ ಸೆಪ್ಟೆಂಬರ್ ೮ರ ವರೆಗೆ ದೇಶದಲ್ಲೆಲ್ಲ ನೇತ್ರದಾನ ಪಾಕ್ಷಿಕವು ನಡೆಯುತ್ತದೆ. ಭಾಷಣಗಳಾಗುತ್ತವೆ; ಪ್ರತಿಜ್ಞಾಪತ್ರಗಳಿಗೆ ರುಜು ಬೀಳುತ್ತದೆ. ಆದರೆ ರುಜು ಮಾಡಿದವರು ತೀರಿಕೊಂಡ ದಿನ ಆ ಪತ್ರವು ಪೆಟ್ಟಿಗೆಯಲ್ಲಿಯೇ ಉಳಿದು, ಕಣ್ಣುಗಳು ದೇಹದೊಡನೆ ಹೋಗಿಬಿಡುವುದು ಎಷ್ಟೋ ಮನೆಗಳಲ್ಲಿ ನಡೆದಿರುವ ಸಂಗತಿ. ನಾವು ಇಂದು ಬರೆಯಬೇಕೆಂದಿರುವುದು ಆ ಮನೆಗಳನ್ನು ಕುರಿತೇ.

ಇಡೀ ಕಣ್ಣನ್ನು ಕಿತ್ತು ಮತ್ತೊಬ್ಬನಿಗೆ ಇಡುತ್ತಾರೆಂಬ ಭ್ರಾಂತಿಯು ವಿದ್ಯಾವಂತರಲ್ಲಿಯೂ ಉಂಟು. ಇಡುವುದು ಕಣ್ಣಿನ ಮುಂಭಾಗದಲ್ಲಿ ಗಡಿಯಾರದ ಗಾಜಿನಂತಿರುವ ನಿರ್ಮಲವಾದ ಪಟಲವನ್ನು ಮಾತ್ರ. ವೈದ್ಯರು ಇದನ್ನು ಕಾರ್ನಿಯಾ ಎನ್ನುವರು. ಭತ್ತದ ತೆನೆಯೋ ಮುಳ್ಳೋ ಚುಚ್ಚಿ ಹುಣ್ಣಾದರೆ, ಸುಣ್ಣ ಸಿಡಿದರೆ, ಎಳೆಯ ಮಕ್ಕಳಿಗೆ ಪೌಷ್ಟಿಕವಾದ ಆಹಾರ ಸಾಲದೆ ಹೋದರೆ ಈ ಪಟಲವು ಬೆಳ್ಳಗಾಗುತ್ತದೆ. ಕಣ್ಣಿನಲ್ಲಿ ಹೂವು ಬಿದ್ದಿತೆಂದು ನಮ್ಮವರು ಹೇಳುವುದು ಇದನ್ನೇ. ಮುಪ್ಪಿನ ಪೊರೆಯನ್ನು ತೆಗೆದು ಮಸೂರವನ್ನು ಕೂರಿಸಬಹುದು. ಹೂವು ಬಲವಾಗಿ ಬಿದ್ದ ಕಣ್ಣಿಗಾದರೋ ಸಾಮಾನ್ಯವಾಗಿ ಮತ್ತೊಬ್ಬ ಮನುಷ್ಯನ ಪಟಲವೇ ಆಗಬೇಕು. ಅದನ್ನು ಯಾವ ಅಂಗಡಿಯಲ್ಲಿಯೂ ಮಾರುವುದಿಲ್ಲ. ಮಾರುವುದೂ ಕೊಳ್ಳುವುದೂ ೧೯೯೪ರ ಕಾಯಿದೆಯ ಮೇರೆಗೆ ಅಪರಾಧ.

ಈ ಚಿಕಿತ್ಸೆಯು ಮೊದಲು ಸಫಲವಾದುದು ೧೯೦೫ನೆಯ ಡಿಸೆಂಬರ್ ೭ರಂದು, ಮೊರೇವಿಯದ ಓಲೊಮೌತ್ಸ್ ಪಟ್ಟಣದಲ್ಲಿ. ಸುಣ್ಣ ಬಿದ್ದು ಎರಡು ಕಣ್ಣನ್ನೂ ಕಳೆದುಕೊಂಡಿದ್ದ ಕೂಲಿಕಾರನೊಬ್ಬನಿಗೆ, ಗಾಯಗೊಂಡು ತೆಗೆಯಬೇಕಾಗಿ ಬಂದ ಬಾಲಕನ ಕಣ್ಣಿನ ಪಟಲವನ್ನು ಎಡ್ವರ್ಡ್ ಜಿರ್ಮ್ ಎಂಬ ವೈದ್ಯನು ಇಟ್ಟನು. ಒಂದು ಕಣ್ಣು ಉಳಿಯಿತು. ಮೃತರ ಕಣ್ಣುಗಳಿಂದಲೇ ಈ ಕಾರ್ಯವನ್ನು ನಡೆಸಬಹುದೆಂದು ೧೯೩೦ರ ದಶಕದಲ್ಲಿ ಒಡೆಸ್ಸಾದ ಫಿಲಾಟೊವ್ ತೋರಿಸಿಕೊಟ್ಟನು. ನಮ್ಮ ದೇಶದ ಮೊದಲ ನೇತ್ರಭಂಡಾರವು ೧೯೪೫ರಲ್ಲಿ ಮದರಾಸಿನಲ್ಲಿ ಆರಂಭವಾಯಿತು.

ಕನ್ನಡಿಗರಿಗೆ ಈ ದಾನವು ಹೊಸತೇನೂ ಅಲ್ಲ. ಕಾಳಹಸ್ತಿಯ ಬೇಡನು ಶಿವನ ಕಣ್ಣಿನಲ್ಲಿ ರಕ್ತವನ್ನು ಕಂಡು ತನ್ನ ಕಣ್ಣನ್ನು ಕಿತ್ತಿಟ್ಟ ಕಥೆಯನ್ನು ಕೇಳದ ಮನೆಯಿಲ್ಲ. ೧೯೫೪ರಲ್ಲಿ ತೆರೆಯ ಮೇಲೆ ಆ ಕಣ್ಣಪ್ಪನಾಗಿ ಕಾಣಿಸಿಕೊಂಡ ರಾಜಕುಮಾರರು ಮುಂದೆ ತಮ್ಮ ಕುಟುಂಬದ ಎಲ್ಲರ ನೇತ್ರಗಳನ್ನೂ ದಾನಮಾಡುವುದಾಗಿ ಸಾರಿದರು. ೨೦೦೬ನೆಯ ಏಪ್ರಿಲ್ ೧೨ರಂದು ಅವರು ತೀರಿಕೊಂಡಾಗ ಆ ಮಾತು ನಡೆಯಿತು. ಅಂದು ನಗರವೆಲ್ಲ ಕ್ಷೋಭೆಗೊಂಡಿದ್ದಿತೆಂಬುದನ್ನು ವಾಚಕರು ಬಲ್ಲರು. ೨೦೧೭ರಲ್ಲಿ ಅವರ ಪತ್ನಿಯ ಕಣ್ಣುಗಳೂ ದಾನವಾದುವು. ೨೦೨೧ನೆಯ ಅಕ್ಟೋಬರ್ ೨೯ರಂದು ಅವರ ಕಿರಿಯ ಮಗ ಪುನೀತರು ನಲವತ್ತಾರನೆಯ ವಯಸ್ಸಿನಲ್ಲಿ ಅಕಸ್ಮಾತ್ತಾಗಿ ಅಗಲಿದರು. ವೈದ್ಯರು ಅವರ ಪಟಲಗಳನ್ನು ಮೇಲಿನ ಪದರ, ಒಳಗಿನ ಪದರ ಎಂದು ಬೇರ್ಪಡಿಸಿ, ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿಯನ್ನು ಕೊಟ್ಟರು. ಅಭಿಮಾನಿಗಳು ಸಾಲುಗಟ್ಟಿ ಪ್ರತಿಜ್ಞೆ ಮಾಡಿದರು. ಆದರೆ ಆ ಕುಟುಂಬದಲ್ಲಿ ನಮಗೆ ಹೆಚ್ಚಾಗಿ ಕಾಣುವುದು ಪ್ರತಿಜ್ಞೆಯಲ್ಲ, ಸಿಡಿಲೆರಗಿದ ದಿನದಲ್ಲಿಯೂ ಅದನ್ನು ಮರೆಯದೆ ನಡೆಸಿದ ಸ್ಥೈರ್ಯ.

ಕಣ್ಣಿಲ್ಲದೆ ದಹನವಾದವನು ಮುಂದಿನ ಜನ್ಮದಲ್ಲಿ ಕುರುಡನಾಗಿ ಹುಟ್ಟುವನೆಂಬ ಭಯವು ಇನ್ನೂ ಪೂರ್ಣವಾಗಿ ಹೋಗಿಲ್ಲ. ಕಣ್ಣು ಕೊಟ್ಟ ಬೇಡನನ್ನು ಶಿವಶರಣರ ಸಾಲಿನಲ್ಲಿ ಕೂರಿಸಿದ ಜನರೇ ಹೀಗೆ ಹೆದರುವುದು ವಿಚಿತ್ರವಾಗಿದೆ! ನಮ್ಮಲ್ಲಿ ಶಿಬಿಯೆಂದರೆ ಪಾರಿವಾಳಕ್ಕಾಗಿ ಮಾಂಸವನ್ನು ಕೊಯ್ದುಕೊಟ್ಟ ಅರಸು. ಬೌದ್ಧರ ಜಾತಕದಲ್ಲಿ ಅವನು ಯಾಚಕನಿಗೆ ತನ್ನ ಎರಡು ಕಣ್ಣುಗಳನ್ನೇ ಕೊಡುತ್ತಾನೆ. ಆ ಕಥೆಯನ್ನು ಕೇಳಿ ಬೆಳೆದ ಸಿಂಹಳದಲ್ಲಿ ಹಡ್ಸನ್ ಸಿಲ್ವರು ೧೯೬೧ರಲ್ಲಿ ಸ್ಥಾಪಿಸಿದ ನೇತ್ರದಾನ ಸಂಘವು ಹೊರದೇಶಗಳಿಗೂ ಕಣ್ಣುಗಳನ್ನು ಕಳುಹಿಸುತ್ತ ಬಂದಿದೆ. ಅಷ್ಟು ಸಣ್ಣ ದ್ವೀಪಕ್ಕೆ ಸಾಧ್ಯವಾದುದು ನಮಗೆ ಅಸಾಧ್ಯವೆ?

ಮರಣವಾದ ಸುಮಾರು ಆರು ಗಂಟೆಗಳೊಳಗಾಗಿ ಕಣ್ಣುಗಳನ್ನು ತೆಗೆಯಬೇಕು. ರೆಪ್ಪೆಗಳನ್ನು ಮುಚ್ಚಿ ಒದ್ದೆಯ ಹತ್ತಿಯನ್ನಿಟ್ಟು, ತಲೆಗೆ ದಿಂಬನ್ನು ಕೊಟ್ಟು, ಬೀಸಣಿಗೆಯನ್ನು ನಿಲ್ಲಿಸಿ, ನೇತ್ರಭಂಡಾರಕ್ಕೆ ಸುದ್ದಿ ಮುಟ್ಟಿಸಿದರೆ ಅವರೇ ಮನೆಗೆ ಬರುವರು. ಅರ್ಧ ಗಂಟೆಯೂ ಬೇಡ, ಮುಖ ವಿಕಾರವಾಗುವುದಿಲ್ಲ, ಖರ್ಚಿಲ್ಲ. ಕನ್ನಡಕ ಹಾಕಿದವರೂ, ಸಕ್ಕರೆಯ ಕಾಯಿಲೆಯವರೂ, ಪೊರೆಯ ಶಸ್ತ್ರಕ್ರಿಯೆಯಾದ ವೃದ್ಧರೂ ಕೊಡಬಹುದು. ಹುಚ್ಚುನಾಯಿಯ ರೋಗವೇ ಮೊದಲಾದ ಕೆಲವು ವ್ಯಾಧಿಗಳಿಂದ ಸತ್ತವರದು ಮಾತ್ರ ಕೂಡದು. ಸತ್ತವನು ರುಜು ಮಾಡಿರದಿದ್ದರೂ ಮನೆಯವರು ಒಪ್ಪಿದರೆ ಸಾಕು. ಅಳುವವರಿಗೆ ಆ ಹೊತ್ತಿನಲ್ಲಿ ಇದು ನೆನಪಾಗದಿರುವುದು ಸಹಜವೇ. ಆದುದರಿಂದ ಬದುಕಿರುವಾಗಲೇ ಊಟದ ಪಂಕ್ತಿಯಲ್ಲಿ ಈ ಮಾತನ್ನು ಎತ್ತಿ, ಸುದ್ದಿ ಕಳುಹಿಸುವ ಭಾರವನ್ನು ಅಳಿಯನಿಗೋ ನೆರೆಯವರಿಗೋ ಒಪ್ಪಿಸಿಡತಕ್ಕದ್ದು. ಅಶುಭವೆಂದು ಹಿರಿಯರು ಗದರಿಸಿಯಾರು, ಗದರಿಸಲಿ.

ಅಧಿಕಾರಿವರ್ಗದವರಿಗೂ ಒಂದು ಮಾತು. ಅಪಘಾತದಲ್ಲಿ ಮಡಿದ ಯುವಕರ ಕಣ್ಣುಗಳು ಬಹು ಉತ್ತಮವಾದುವು. ಅಂತಹ ಪ್ರಸಂಗಗಳಲ್ಲಿ ಪೋಲೀಸಿನವರ ಸಮ್ಮತಿಯು ತಡವಾದರೆ ಬಂಧುಗಳ ಔದಾರ್ಯವೆಲ್ಲ ವ್ಯರ್ಥ. ಮಹಜರು ಬರೆಯುವ ಅಧಿಕಾರಿಯು ಕಣ್ಣಿನ ವಿಷಯದ ಕಾಗದವನ್ನು ಮೊದಲು ಬರೆದುಕೊಡಲಿ. ಪ್ರತಿಯೊಂದು ತಾಲ್ಲೂಕು ಆಸ್ಪತ್ರೆಯ ಬಾಗಿಲಿನಲ್ಲಿ ಸಮೀಪದ ನೇತ್ರಭಂಡಾರದ ಟೆಲಿಫೋನ್ ಸಂಖ್ಯೆಯನ್ನು ದಪ್ಪವಾದ ಕನ್ನಡ ಅಕ್ಷರಗಳಲ್ಲಿ ಬರೆಯಿಸಲಿ. ಆ ಸಂಖ್ಯೆಗೆ ರಾತ್ರಿಯ ಹೊತ್ತಿನಲ್ಲಿಯೂ ಉತ್ತರ ಕೊಡುವವರಿರಲಿ.