ಎರಡನೆಯ ಅರ್ಜಿ

ಕಳೆದ ಜುಲೈನಲ್ಲಿ ನಾನು ನ್ಯೂಜೆರ್ಸಿಯ ಮಗಳ ಮನೆಯಲ್ಲಿದ್ದೆ. ಮೊಮ್ಮಗಳಿಗೆ ಡಾಕ್ಟರಾಗುವ ಆಸೆ. ಅಲ್ಲಿ ನಮ್ಮ ನೀಟ್ ಹಾಗೆ ಒಂದು ಪರೀಕ್ಷೆ, ಒಂದು ರ್‍ಯಾಂಕು ಎಂದು ಮುಗಿಯುವುದಿಲ್ಲ ಕಣ್ರೀ! ಆಮ್‌ಕ್ಯಾಸ್ ಮೂಲಕ ಹಾಕಿದ ಮೊದಲ ಅರ್ಜಿ ಜೂನ್ ಕೊನೆಗೆ ಕಾಲೇಜುಗಳಿಗೆ ತಲುಪುತ್ತದೆ. ಆಮೇಲೆ ಒಂದೊಂದು ಕಾಲೇಜೂ ತನ್ನದೇ ಪ್ರಶ್ನೆಗಳ ಎರಡನೆಯ ಅರ್ಜಿ ಕಳಿಸುತ್ತದೆ, ಪ್ರತಿಯೊಂದಕ್ಕೂ ಬೇರೆ ಶುಲ್ಕ. ಕೊನೆಯ ದಿನಾಂಕ ಎಷ್ಟೋ ಕಡೆ ತಿಂಗಳುಗಳಾಚೆ ಇರುತ್ತದೆ. ಅದನ್ನು ನಂಬಿ ಕೂತರೆ ಕೆಟ್ಟೆವು. ಬಹಳಷ್ಟು ಕಾಲೇಜುಗಳು ಬಂದ ಅರ್ಜಿಗಳನ್ನು ಬಂದ ಹಾಗೆಯೇ ನೋಡಿ ಸಂದರ್ಶನಕ್ಕೆ ಕರೆಯುತ್ತವೆ. ಹಾಗಾಗಿ 2 ವಾರದೊಳಗೆ ಮರಳಿಸುವುದು ರೂಢಿ.

ನಮ್ಮ ಹುಡುಗಿ 'ನೀನು ಎದುರಿಸಿದ ಕಷ್ಟ ಯಾವುದು' ಎಂಬ ಪ್ರಶ್ನೆಗೇ 9 ದಿನ ಬರೆದಳು, ಅಳಿಸಿದಳು.

"ಅಜ್ಜಿ, ನಂಗೆ ಕಷ್ಟಾನೇ ಬಂದಿಲ್ವಲ್ಲ!"

"ತಾತ ಹೋದಾಗ ಬರೋಕಾಗದೆ ಫೋನಿನಲ್ಲೇ ನೋಡಿದ್ಯಲ್ಲೇ?" ಎಂದೆ.

ಸುಮ್ಮನಾದಳು. ಹೇಳಬಾರದಿತ್ತೇನೋ ಅನ್ನಿಸಿ ರಾತ್ರಿ ನನಗೂ ನಿದ್ದೆ ಇಲ್ಲ. ಬೆಳಗ್ಗೆ ಡಿಕಾಕ್ಷನ್ ಹಾಕುತ್ತಿದ್ದಾಗ ಪಕ್ಕ ಬಂದು ನಿಂತು, "ತಾತ ಕೊನೇಲಿ ನನ್ನ ಕೇಳಿದ್ರಾ?" ಎಂದಳು. ಕೇಳಿದ್ದರು. ಹೇಳಿದೆ.

12ನೆಯ ದಿನ ಅರ್ಜಿ ಹೋಯಿತು. ಅಂಥದ್ದೇ ಪ್ರಶ್ನೆ ಕೇಳಿದ್ದ ಇನ್ನೂ 5 ಕಾಲೇಜುಗಳಿಗೆ ಅದನ್ನೇ ತುಸು ತಿದ್ದಿ ಕಳಿಸಿದಳು.