ಮೊದಲು ಪಿ.ಟಿ. ಮೇಷ್ಟ್ರನ್ನು ಕೊಡಿ

ಆಗಸ್ಟ್ 29 ಬಂತೆಂದರೆ ಬಳ್ಳಾರಿಯ ನಮ್ಮ ಸತ್ಯನಾರಾಯಣಪೇಟೆಯ ವಾಟ್ಸ್‌ಆ್ಯಪ್ ಗುಂಪುಗಳಿಗೆಲ್ಲ ಎಲ್ಲಿಲ್ಲದ ಕಸುವು. ಧ್ಯಾನ್‌ಚಂದ್ ಹುಟ್ಟಿದ ದಿನ, ರಾಷ್ಟ್ರೀಯ ಕ್ರೀಡಾ ದಿನ, ಸಾಲದ್ದಕ್ಕೆ 2019ರಲ್ಲಿ ಅದೇ ದಿನ ಶುರುವಾದ ಫಿಟ್ ಇಂಡಿಯಾ. ಈ ಸಲ ಮೊಮ್ಮಗನ ಶಾಲೆಯಿಂದ ಫರ್ಮಾನು ಬಂತು: ಮಗು ವ್ಯಾಯಾಮ ಮಾಡುವ ಫೋಟೊ ಇವತ್ತೇ ಕಳಿಸಿ. ಹುಡುಗ ಟ್ಯೂಷನ್ ಮುಗಿಸಿ ಬಂದದ್ದೇ ಏಳಕ್ಕೆ. ಯೂನಿಫಾರ್ಮಿನಲ್ಲೇ ಮಾಳಿಗೆ ಹತ್ತಿಸಿ, ಪಕ್ಕದ ಮನೆಯ ಸ್ಕಿಪ್ಪಿಂಗ್ ಹಗ್ಗ ಕೈಗೆ ಕೊಟ್ಟು ಅವರಮ್ಮ ಫೋಟೊ ತೆಗೆದಳು. ಒಂದು ಸಲವೂ ಜಿಗಿಯಲಿಲ್ಲ. ‘ಆಟದ ಪೀರಿಯಡ್‌ನಲ್ಲಿ ಏನಾಡ್ತೀರೋ?’ ಅಂದೆ. ‘ಅದನ್ನ ಮ್ಯಾಥ್ಸ್ ಮಿಸ್ ತಗೊಂತಾರೆ ತಾತ, ಸಿಲೆಬಸ್ ಮುಗಿದಿಲ್ಲಂತೆ.’

ಇಂಥ ಶಾಲೆಗಳಿಗೇ ಫಿಟ್ ಇಂಡಿಯಾದಲ್ಲಿ ಧ್ವಜ, 3 ಸ್ಟಾರ್, 5 ಸ್ಟಾರ್ ಎಂಬ ದರ್ಜೆಗಳುಂಟು. ಹೋಟೆಲಿನವರೂ ನಾಚಬೇಕು.

ಶಾಲೆಗಳ ಕತೆ ಹೀಗಾಯಿತು. ಇನ್ನು ಭಾರತೀಯ ಕ್ರೀಡಾ ಪ್ರಾಧಿಕಾರ, ಅಂದರೆ ನಮ್ಮ ‘ಸಾಯ್’, ದೇಶಕ್ಕೆಲ್ಲ ಆಟ ಕಲಿಸಬೇಕಾದ ಸಂಸ್ಥೆ. 1982ರ ದೆಹಲಿ ಏಷ್ಯಾಡ್ ಮುಗಿದ ಮೇಲೆ ಅಷ್ಟೊಂದು ಸ್ಟೇಡಿಯಂಗಳನ್ನು ನೋಡಿಕೊಳ್ಳುವವರು ಬೇಕಾಗಿ 1984ರಲ್ಲಿ ಹುಟ್ಟಿದ್ದು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ‘ಕಮ್ ಅಂಡ್ ಪ್ಲೇ’ ಎಂದು ದೆಹಲಿಯ ಸ್ಟೇಡಿಯಂಗಳ ಗೇಟನ್ನು ಸುತ್ತಮುತ್ತಲಿನ ಮಕ್ಕಳಿಗೆ ತೆರೆಯುವ ಯೋಜನೆ ಬಂದಾಗ 2011 ಆಗಿತ್ತು! ಪದಕದ ಲೆಕ್ಕದಲ್ಲಿ ನನಗೆ ತಕರಾರಿಲ್ಲ. ಬೆಂಗಳೂರಿನ ಸಾಯ್ ಕೇಂದ್ರದಲ್ಲಿ ಹಾಕಿ ತಂಡಗಳು ಬೆವರು ಹರಿಸಿದ್ದನ್ನು ನೋಡಿದ್ದೇವೆ. ಇಲ್ಲೇ ತೋರಣಗಲ್ಲಿನಲ್ಲಿ ಜಿಂದಾಲ್‌ನವರು 2018ರಲ್ಲಿ ತೆರೆದ ಇನ್‌ಸ್ಪೈರ್ ಸಂಸ್ಥೆಯಲ್ಲಿ ನೀರಜ್ ಚೋಪ್ರಾ ತರಬೇತಿ ಪಡೆದಿದ್ದಾರೆ. ಆದರೆ ಅಲ್ಲಿಗೆಲ್ಲ ಹೋಗುವವರು ಆರಿಸಿ ಬಂದವರು. ನಮ್ಮ ಓಣಿಯ ಹುಡುಗನ ಕೈಗೆ ಮೊದಲ ಸಲ ಜಾವೆಲಿನ್ ಕೊಡುವವರು ಯಾರು?

ನಾನು ಎಲ್ಲಿಂದ ಹೊರಟರೂ ಪಿ.ಟಿ. ಮೇಷ್ಟ್ರ ಹತ್ತಿರವೇ ಬಂದು ನಿಲ್ಲುವುದು ಈ ಅಂಕಣ ಓದುವವರಿಗೆ ಗೊತ್ತಿದ್ದದ್ದೇ. ನಮ್ಮ ಮೇಷ್ಟ್ರು ಜೂನ್‌ನಲ್ಲಿ ಶಾಲೆ ತೆರೆದ ವಾರವೇ ತೆಂಗಿನ ಹಗ್ಗ ಎಳೆದು, ತೂತು ಡಬ್ಬಿಗೆ ಸುಣ್ಣದ ಪುಡಿ ತುಂಬಿ, ಬಗ್ಗಿ ಬಗ್ಗಿ ಖೊಖೊ ಕೋರ್ಟು ಬರೆಯುತ್ತಿದ್ದರು. ಬಳ್ಳಾರಿ ಬಿಸಿಲಿಗೆ ಹನ್ನೊಂದರ ಮೇಲೆ ನೆಲ ಬರಿಗಾಲು ಇಡಗೊಡುವುದಿಲ್ಲವೆಂದು ಹೆಡ್‌ಮೇಷ್ಟ್ರ ಜೊತೆ ಜಗಳವಾಡಿ ಆಟದ ಪೀರಿಯಡ್ಡನ್ನು ಬೆಳಿಗ್ಗೆಗೆ ಹಾಕಿಸಿದ್ದರು. ಗಣಿತದವರು ಆ ಪೀರಿಯಡ್ ಕೇಳಲು ಬಂದರೆ ಸೀಟಿ ಊದಿಯೇ ಉತ್ತರ.

ಈಗ ಅಂಥವರೊಬ್ಬರು ಇರುವ ಶಾಲೆ ಸಿಕ್ಕರೆ ಪುಣ್ಯ. ಇದ್ದರೂ ಮೊಟ್ಟೆ-ಬಾಳೆಹಣ್ಣಿನ ಲೆಕ್ಕ, ಚುನಾವಣೆ ಕೆಲಸ, ಸಮೀಕ್ಷೆ. ದೈಹಿಕ ಶಿಕ್ಷಣದ ಕುರಿತ ಪ್ರೊ. ವೈದ್ಯನಾಥನ್ ವರದಿ ಜಾರಿ ಮಾಡಿ, ನಮಗೂ ಬಡ್ತಿ ಕೊಡಿ ಎಂದು ರಾಜ್ಯದ ದೈಹಿಕ ಶಿಕ್ಷಕರು ಎಷ್ಟು ಸರ್ಕಾರಗಳಿಗೆ ಮನವಿ ಕೊಟ್ಟರು! ಶಾಲೆ ರಾಜ್ಯದ್ದು, ಸಾಯ್ ಕೇಂದ್ರದ್ದು ಎಂದು ಕಾಯ್ದೆ ಹೇಳುವವರು ಹೇಳಲಿ. ಸಂಬಳ ಯಾವ ಖಾತೆಯದೆಂಬುದನ್ನು ಕಟ್ಟಿಕೊಂಡು ಮಕ್ಕಳಿಗೇನಾಗಬೇಕು?

2025–26ರ ಕೇಂದ್ರ ಬಜೆಟ್ಟಿನಲ್ಲಿ ಖೇಲೊ ಇಂಡಿಯಾ ಯೋಜನೆಗೆ 1,000 ಕೋಟಿ, ಸಾಯ್‌ಗೆ 830 ಕೋಟಿ ರೂಪಾಯಿ. 2036ರ ಒಲಿಂಪಿಕ್ಸ್ ನಮಗೇ ಬೇಕೆಂದು ಪತ್ರವನ್ನೂ ಬರೆದಾಗಿದೆ. ಅಂದು ಓಡಬೇಕಾದವರು ಇಂದು ಐದನೇ ಕ್ಲಾಸಿನಲ್ಲಿದ್ದಾರೆ. ಅವರಿಗೆ ಮೊದಲು ಸೀಟಿ ಊದುವವರೊಬ್ಬರನ್ನು ಕೊಡಿ ಸ್ವಾಮಿ, ಸ್ಟೇಡಿಯಂ ಆಮೇಲೆ ಕಟ್ಟುವಿರಂತೆ.