ಅಜ್ಜನ ರಿವಾಲ್ವರ್ ಸೊಂಟಕ್ಕೆ ಬೇಡ

ಬೋಡಿನಾಯಕನೂರಿನಲ್ಲಿ ಏಲಕ್ಕಿ ಮಾರಿ ಕತ್ತಲಲ್ಲಿ ಕಂಬಂ ಕಡೆಗೆ ಮರಳುವ ನಮ್ಮವರ ಭಯ ನಮಗೆ ಗೊತ್ತು. ಆದರೂ ಮನೆಯ ಹಳೇ ರಿವಾಲ್ವರ್ ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದು ಅದಕ್ಕೆ ಉತ್ತರವಲ್ಲ.

ಪುರಾತನ ವಸ್ತುವಿಗೆ ಲೈಸೆನ್ಸ್ ಬೇಡ ಎನ್ನುವವರು 1959ರ ಆಯುಧ ಕಾಯ್ದೆಯ 45ನೇ ಕಲಂ ಓದಲಿ. ರಿಪೇರಿ ಮಾಡಿದರೂ ಗುಂಡು ಹಾರದ ಆಯುಧಕ್ಕೆ ಮಾತ್ರ ಆ ವಿನಾಯಿತಿ. ಹಾರದಿದ್ದರೆ ಅದು ಬರೀ ಕಬ್ಬಿಣ. ಹಾರುವುದಾದರೆ ಲೈಸೆನ್ಸ್ ಬೇಕೇ ಬೇಕು. ಇಲ್ಲದಿದ್ದರೆ 2019ರ ತಿದ್ದುಪಡಿಯಂತೆ 2ರಿಂದ 5 ವರ್ಷ ಜೈಲು. ಲೈಸೆನ್ಸ್ ಇದ್ದರೂ, ಸಿಟ್ಟಿನ ಗಳಿಗೆಯಲ್ಲಿ ಅದು ಯಾರ ಕೈಗೂ ಸಿಗದೆಂದು ಹೊಣೆ ಹೊರುವವರು ಯಾರು?

ಹಣ ಬ್ಯಾಂಕಿಗೆ ಹಾಕಿಸೋಣ, ಜೊತೆಯಾಗಿ ಪ್ರಯಾಣಿಸೋಣ, ಅಪಾಯವಾದರೆ 112ಕ್ಕೆ ಕರೆ ಮಾಡೋಣ. ಪೇತ್ರನ ಕತ್ತಿಯನ್ನು ಒರೆಗೆ ಮರಳಿಸಿದ ಪ್ರಭುವಿನ ಹಿಂಬಾಲಕರು ನಾವು.